ಬೇರು ಸಮೇತ

ಮೊನ್ನೆ ಬಂದ ಮದುವೆಯ ಕರೆಯೋಲೆಯೊಂದು ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. ಊರು, ಮಂಗಲ ಕಾರ್ಯಾಲಯ, ಮುಹೂರ್ತ ಒಂದೂ ಕಾಣುತ್ತಿರಲಿಲ್ಲ. ಹಳೆಯ ಪತ್ರಿಕೆಯ ಎರಡು ಹಾಳೆಗಳ ನಡುವೆ ಅದನ್ನಿಟ್ಟು ಇಸ್ತ್ರಿ ಮಾಡಲು ಕೂತೆ. ಒದ್ದೆ ಪತ್ರಿಕೆಗೆ ಬಿಸಿ ತಾಗಿದ್ದೇ ತಡ, ಮಸಿ ಮತ್ತು ಹಸಿ ಹುಲ್ಲು ಸೇರಿ ಬೆಂದಂಥ ಒಂದು ವಾಸನೆ ಎದ್ದಿತು. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಬೆಳಗಾವಿಯ ಶಹಾಪುರದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ಗಲ್ಲಿಯ ತುಂಬ ಮಗ್ಗಗಳ ಖಟಖಟ, ಹೊರಗೆ ಹಿಡಿದ ಮಳೆ, ನೆಲದ ತುಂಬ ಪತ್ರಿಕೆಗಳು, ಪತ್ರಿಕೆಗಳ ನಡುವೆ ಗಿಡಗಳು, ಅವುಗಳ ಮುಂದೆ ಇಸ್ತ್ರಿ ಪೆಟ್ಟಿಗೆ ಹಿಡಿದು ಕೂತ ನಾನು. ಅಷ್ಟರಲ್ಲಿ ಕರೆಯೋಲೆಯ ಒಂದು ಮೂಲೆ ಕಂದಿಯೇ ಹೋಯಿತು.

ಅದು ಎಂಬತ್ತರ ದಶಕದ ಆರಂಭದ ಒಂದು ವರ್ಷ. ಬೆಳಗಾವಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಲು ಸೇರಿ ನನಗೆ ಮೂರು ವರ್ಷವಾಗಿತ್ತು. ಆ ಜೂನ್‌ನಲ್ಲಿ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ‘ಪರಿಸರ’ ಎಂಬ ಹೊಸ ಪೇಪರ್ ಬಂತು. ಆ ಮಾತೇ ಆಗ ಹೊಸದು. ಸ್ಟಾಫ್ ರೂಮಿನಲ್ಲಿ ಅದನ್ನು ಮುಟ್ಟಲು ಯಾರೂ ತಯಾರಿರಲಿಲ್ಲ. ಗಾಳಿ, ನೀರು, ಹುಲ್ಲು ಇವನ್ನೆಲ್ಲ ಪಾಠ ಮಾಡುವುದೆಂದರೇನು, ಬಂದು ಹೋಗುವವರಿಗೆಲ್ಲ ಕಾಣುವುದಿಲ್ಲವೆ ಎಂದು ನಗುತ್ತಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು ಕುಲಕರ್ಣಿ ಸರ್. ಒಳ್ಳೆಯ ಮನುಷ್ಯ, ಜಾಣ ಮನುಷ್ಯ ಕೂಡ.

“ಪದ್ಮಾವತಿ ಬಾಯಾರ, ಇದನ್ನ ನೀವ ತಗೋರಿ. ನಿಮಗ ಗಿಡಾ ಅಂದ್ರ ಭಾಳ ಪ್ರೀತಿ,” ಎಂದರು.

ಗಿಡದ ಮೇಲಿನ ಪ್ರೀತಿಗೂ ಟೈಂಟೇಬಲ್ಲಿನ ಕೊನೆಯ ಪಿರಿಯಡ್ಡಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ತೆಗೆದುಕೊಂಡೆ.

ಪಠ್ಯಪುಸ್ತಕ ಇರಲಿಲ್ಲ. ಗ್ರಂಥಾಲಯದಲ್ಲಿದ್ದ ಎರಡು ದಪ್ಪ ವಿದೇಶಿ ಪುಸ್ತಕಗಳನ್ನು ಓದಿ ನೋಟ್ಸು ಮಾಡಿದೆ, ಸೈಕ್ಲೋಸ್ಟೈಲ್ ಹೊಡೆಸಿ ಹಂಚಿದೆ. ಹನ್ನೊಂದು ಜನ ವಿದ್ಯಾರ್ಥಿಗಳು. ಹೊರಗೆ ಬೆಳಗಾವಿಯ ಮಳೆ ಕಿಟಕಿಗೆ ಬಡಿಯುತ್ತಿದ್ದರೆ ನಾನು ಒಳಗೆ ಹಿಮ ಕರಗುವ ಸರೋವರ, ಅಮೆರಿಕದ ಹುಲ್ಲುಗಾವಲು, ಅಲ್ಲಿನ ಕಾಡೆಮ್ಮೆ ಎಂದೆಲ್ಲ ಬೋರ್ಡಿನ ಮೇಲೆ ಬಾಣದ ಗುರುತು ಎಳೆಯುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಬಸವರಾಜ ಆಕಳಿಸಿ ಮುಗಿಸಿ ಕೈ ಎತ್ತಿದ.

“ಮೇಡಂ, ಕಾಡೆಮ್ಮಿ ನಮ್ಮ ಖಾನಾಪುರದಾಗೂ ಅದಾವ್ರಿ. ನೋಟ್ಸ್‌ನ್ಯಾಗ ಯಾಕ ಇಲ್ರಿ?”

ಎಲ್ಲರೂ ನಕ್ಕರು. ನಗದೆ ಕೂತವಳು ಸುಲಭಾ ಒಬ್ಬಳೇ. ಖಾನಾಪುರದ ಆಚೆಯ ಸಣ್ಣ ಊರಿನವಳು, ಮನೆಯಲ್ಲಿ ಮರಾಠಿ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದಿನಾ ಪ್ಯಾಸೆಂಜರ್ ರೈಲು ಗಾಡಿಯಲ್ಲಿ ಬಂದು ಹೋಗುತ್ತಿದ್ದಳು. ಎರಡು ವರ್ಷವೂ ತರಗತಿಗೆ ಮೊದಲಿಗಳು. ಫಸ್ಟ್ ಕ್ಲಾಸ್ ಬಂದರೆ ಎಂ.ಎಸ್ಸಿ.ಗೆ ಧಾರವಾಡಕ್ಕೆ ಕಳಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಬರದಿದ್ದರೆ ಇಲ್ಲ. ಇದನ್ನು ಅವಳೇ ನನಗೆ ಒಮ್ಮೆ ಲ್ಯಾಬಿನಲ್ಲಿ ಹೇಳಿದ್ದಳು, ಬಸ್ಸಿನ ವೇಳೆ ಹೇಳಿದಷ್ಟು ಸಾದಾ ದನಿಯಲ್ಲಿ.

“ನಮ್ಮ ಆಜಿ ಹೊಲಕ್ಕ ಬರತಾವ್ರಿ ಮೇಡಂ ಅವು. ಮ್ಯಾಲಿನ ಗುಡ್ಡದಾಗ ಇರತಾವ. ಒಮ್ಮಿ ಬರ್ರಿ, ತೋರಸ್ತೀನಿ,” ಎಂದಳು.

ಹಾಗೆ ಶುರುವಾದವು ಖಾನಾಪುರದ ಶನಿವಾರಗಳು. ಬೆಳಗಿನ ಗಾಡಿ, ಅಲ್ಲಿಂದ ಬಸ್ಸು, ಬಸ್ಸಿಳಿದು ಒಂದು ಗಂಟೆ ಕೆಸರಿನ ನಡಿಗೆ. ಕಾಡೆಮ್ಮೆ ನಮಗೆ ಒಂದು ಸಲವೂ ಕಾಣಲಿಲ್ಲ. ಅದರ ಸಗಣಿ ಕಂಡಿತು, ಬಸವರಾಜ ಅದರಲ್ಲಿ ಕಾಲಿಟ್ಟ. ಆದರೆ ಆಗಸ್ಟಿನ ಒಂದು ಶನಿವಾರ ಆ ಗುಡ್ಡದ ಕಲ್ಲು ಇಳಿಜಾರಿನಲ್ಲಿ, ಮೊಣಕಾಲೆತ್ತರದ ಹುಲ್ಲಿನ ನಡುವೆ, ನಾನು ಅದುವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದ ಹೂವು ಕಂಡಿತು. ಆ ಕಡೆಯವರು ಅದಕ್ಕೆ ಕಂದೀಲ ಹೂ ಎನ್ನುತ್ತಾರೆ. ಬುಡದಲ್ಲಿ ಸಣ್ಣ ಬುರುಡೆ, ಮೇಲೆ ತೆಳ್ಳನೆಯ ಕೊರಳು, ಅದರ ಮೇಲೆ ಎಸಳುಗಳೈದೂ ತುದಿಯಲ್ಲಿ ಸೇರಿ ಕಟ್ಟಿದ ಪಂಜರ. ಥೇಟ್ ಕಂದೀಲೇ. ಬೇರೆಲ್ಲೂ ಸಿಗದ್ದು ಆ ಒಂದು ಇಳಿಜಾರಿನಲ್ಲಿ ಇಪ್ಪತ್ತೈದರ ಆಸುಪಾಸು ಇದ್ದವು.

ನನಗೆ ಹಬ್ಬವಾಯಿತು. ಕೊಡೆ ಬಿಸಾಕಿ ಮೊಣಕಾಲೂರಿ ಕೂತೆ. ಪುಟ್ಟ ನೊಣವೊಂದು ವಾಸನೆಗೆ ಮರುಳಾಗಿ ಆ ಕೊರಳಿನೊಳಗೆ ಇಳಿಯುವುದು, ಒಳಗಿನ ಕೂದಲೆಲ್ಲ ಕೆಳಮುಖವಾಗಿರುವುದರಿಂದ ಮೇಲೆ ಬರಲಾರದೆ ರಾತ್ರಿಯೆಲ್ಲ ಅಲ್ಲೇ ವಸತಿ ಮಾಡುವುದು, ಮರುದಿನ ಕೂದಲು ಬಾಡಿದಾಗ ಪರಾಗ ಹೊತ್ತು ಹೊರಬಿದ್ದು ಬುದ್ಧಿ ಕಲಿಯದೆ ಇನ್ನೊಂದು ಹೂವಿಗೆ ಹೋಗುವುದು, ಎಲ್ಲ ಹೇಳಿದೆ. ಒಂದು ಹೂವನ್ನು ಸೀಳಿ ಒಳಗಿದ್ದ ನೊಣವನ್ನು ತೋರಿಸಿದೆ. ಹನ್ನೊಂದು ತಲೆಗಳು ನನ್ನ ಸುತ್ತ ಬಾಗಿದ್ದವು. ಯಾರೂ ಆಕಳಿಸಲಿಲ್ಲ. ನಾನು ಮೇಷ್ಟ್ರಾಗಿದ್ದಕ್ಕೆ ಸಾರ್ಥಕವಾಯಿತೆಂದು ಮೊದಲ ಬಾರಿ ಅನಿಸಿದ್ದು ಆ ದಿನವೇ. ಆ ಸಂತೋಷದಲ್ಲೇ ಎದ್ದು ನಿಂತು ಹೇಳಿದೆ:

“ಎಲ್ಲಾರೂ ಎರಡೆರಡ ತಗೋರಿ. ಒಂದ ಕೆಟ್ಟ್ರ ಇನ್ನೊಂದ ಇರಲಿ. ಹುಷಾರು, ಬೇರು ಸಮೇತ ಬರಬೇಕು.”

ಸಸ್ಯಶಾಸ್ತ್ರ ಓದಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ನಮ್ಮಲ್ಲಿ ಹರ್ಬೇರಿಯಂ ಎಂದಿತ್ತು. ಗಿಡವನ್ನು ಕಿತ್ತು, ಪತ್ರಿಕೆಗಳ ನಡುವೆ ಒತ್ತಿ, ಮಳೆಗಾಲವಾದರೆ ಇಸ್ತ್ರಿ ಹಾಕಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯ ಚೀಟಿಯಲ್ಲಿ ಹೆಸರು, ಊರು, ದಿನ ಬರೆಯಬೇಕು. ಮಾರ್ಚಿನ ಪ್ರಾಕ್ಟಿಕಲ್ ಪರೀಕ್ಷೆಗೆ ಆ ಫೈಲು ಒಪ್ಪಿಸಬೇಕು. ಬೇರಿಲ್ಲದ ಗಿಡಕ್ಕೆ ಅರ್ಧ ಅಂಕ ಕಡಿತ. ನಾನು ಓದುವಾಗಲೂ ಹಾಗೇ ಇತ್ತು, ನನ್ನ ಗುರುಗಳಿಗೂ ಹಾಗೇ ಇತ್ತು. ಮಕ್ಕಳು ಖುರ್ಪಿ ತೆಗೆದು ಕೆಲಸಕ್ಕಿಳಿದರು. ವಿಭಾಗದ ಕಪಾಟಿಗೆಂದು ನಾನೂ ನಾಲ್ಕು ಕಿತ್ತೆ. ಪ್ರತಿಯೊಂದರ ಕೆಳಗೂ ನೆಲ್ಲಿಕಾಯಿಯಷ್ಟು ದೊಡ್ಡ ಗಡ್ಡೆ. ಗುಡ್ಡದ ಬುಡದ ಬದುವಿನ ಮೇಲೆ ಸುಲಭಾಳ ಆಜಿ ಹುಲ್ಲಿನ ಹೊರೆ ಕಟ್ಟುತ್ತ ಕೂತಿದ್ದಳು. ಅವಳು ಕೆಲಸ ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದುದು ಕಂಡಿತು. ಕಾಲೇಜಿನ ಮಕ್ಕಳ ಮೇಲೆ ಅಭಿಮಾನವೆಂದು ನಾನು ತಿಳಿದೆ.

ಗಡ್ಡೆಯ ಗಿಡದ್ದು ಒಂದು ತಾಪತ್ರಯ. ಎಷ್ಟು ಭಾರ ಹೇರಿ ಒತ್ತಿದರೂ ಗಡ್ಡೆ ಸಾಯುವುದಿಲ್ಲ. ವಾರಗಟ್ಟಲೆ ಜೀವ ಹಿಡಿದುಕೊಂಡು ಪತ್ರಿಕೆಯನ್ನೆಲ್ಲ ಒದ್ದೆ ಮಾಡುತ್ತದೆ. ಅದಕ್ಕೇ ಒತ್ತುವ ಮೊದಲು ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು. ಪುಸ್ತಕದಲ್ಲಿ ಹಾಗೆ ಬರೆದಿತ್ತು. ಗಾಡಿಯಲ್ಲಿ ಬರುವಾಗ ಮಕ್ಕಳಿಗೆ ಅದನ್ನೇ ಹೇಳಿದೆ, ಮನೆಗೆ ಬಂದು ನಾನೂ ಅದನ್ನೇ ಮಾಡಿದೆ. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು, ನಾಲ್ಕು ಗಡ್ಡೆಗಳು ಅದರಲ್ಲಿ ಏಳುತ್ತ ಬೀಳುತ್ತ ಇದ್ದವು. ಅವ್ವ ಬಾಗಿಲಲ್ಲಿ ಬಂದು ನಿಂತಳು.

ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ. ಅವ್ವ ಹಸಿ ಸೊಪ್ಪು ಸಹ ಮುಟ್ಟುತ್ತಿರಲಿಲ್ಲ, ಹೊತ್ತು ಮುಳುಗುವುದರೊಳಗೆ ಊಟ. ನೆಲದೊಳಗೆ ಬೆಳೆಯುವ ಗಡ್ಡೆಯಂತೂ ಹನ್ನೆರಡು ತಿಂಗಳೂ ಮನೆಯೊಳಗೆ ಬರುವಂತಿರಲಿಲ್ಲ. ಒಂದು ಗಡ್ಡೆ ಕಿತ್ತರೆ ಲೆಕ್ಕವಿಲ್ಲದಷ್ಟು ಜೀವ ಹೋಗುತ್ತವೆ ಎನ್ನುವುದು ಅವಳ ನಂಬಿಕೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ನಾನು ಬಟಾಟೆ ಪಲ್ಯ ಹೊಡೆದದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾವಿಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

“ಪದ್ಮಾ, ಚಾತುರ್ಮಾಸದಾಗ ನನ್ನ ಒಲಿ ಮ್ಯಾಲ ಗಡ್ಡಿ ಕುದಸಾಕತ್ತೀಯಲ್ಲ?”

“ತಿನ್ನಾಕಲ್ಲವ್ವಾ. ಕಾಲೇಜಿಗೆ.”

ಅವ್ವ ಸಿಟ್ಟಾಗಲಿಲ್ಲ. ಪಾತ್ರೆಯೊಳಗೆ ಇಣುಕಿ ನೋಡಿದಳು. “ಹಸಿವಿ ಆಗಿ ಕಿತ್ತಾರ ಅಂದ್ರ ತಿಳೀತೈತಿ. ತಿನ್ನಾಕೂ ಅಲ್ಲಂದ್ರ ಯಾಕ ಕಿತ್ತಿ?”

ನಾನು ನಕ್ಕು, ಇದು ವಿಜ್ಞಾನ, ಹಿಂಗ ಹಿಂಗ ಎಂದು ಅರ್ಧ ಪಾಠವನ್ನೇ ಒಪ್ಪಿಸಿದೆ. ಅವಳು ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಒಲೆ ಸಾರಿಸಿದಳು.

ಮುಂದಿನ ವಾರ ಮಕ್ಕಳ ಹಾಳೆ ತಪಾಸಣೆ. ಸುಲಭಾಳದ್ದು ಎಲ್ಲಕ್ಕಿಂತ ಕಡೆ. ಪತ್ರಿಕೆ ತೊಯ್ದು ತೊಪ್ಪೆ, ಒಂದು ಕಡೆ ಬೂಸ್ಟು ಹಿಡಿದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವಳ ಮೇಲೆ ಹೆಚ್ಚು ಆಸೆಯಿಟ್ಟುಕೊಂಡಿದ್ದರಿಂದ.

“ಬಿಸಿನೀರಾಗ ಅದ್ದಿದ್ದೇನು?”

“ಹೂನ್ರಿ.”

“ಹಂಗಾದ್ರ ಇದ್ಯಾಕ ಹಿಂಗ ಐತಿ? ಪತ್ರಿಕಿ ಬದಲ ಮಾಡಿಲ್ಲ ನೀ. ಗಾಡಿ ತಡಾ ಆತು, ಮಳಿ ಬಂತು ಅಂತ ನನ್ನ ಮುಂದ ಸಬೂಬ ಹೇಳಬ್ಯಾಡ. ಫಸ್ಟ್ ಕ್ಲಾಸ್ ಬೇಕಂತ, ಫಸ್ಟ್ ಕ್ಲಾಸ್.”

ಎಲ್ಲರೆದುರಿಗೆ ಅಂದೆ. ಅವಳು ತಲೆ ತಗ್ಗಿಸಿ ನಿಂತಳು. ಆ ಮಾತನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸೆಪ್ಟೆಂಬರಿನಲ್ಲಿ ಮತ್ತೆ ಗುಡ್ಡಕ್ಕೆ ಹೋದೆವು. ಕಂದೀಲ ಹೂವಿನ ಕಾಯಿ ತೋರಿಸುವುದು ನನ್ನ ಯೋಜನೆ. ಕಾಯಿ ಒಡೆದರೆ ಪ್ರತಿ ಬೀಜಕ್ಕೂ ಹತ್ತಿಯಂಥ ಎಳೆಯಿದ್ದು ಗಾಳಿಗೆ ಹಾರುತ್ತದೆ. ಅದನ್ನು ನೋಡಿದರೆ ಮಕ್ಕಳು ಮರೆಯುವುದಿಲ್ಲ. ಇಳಿಜಾರು ಹಸಿರಾಗಿತ್ತು. ಹಳದಿ, ನೀಲಿ ಹೂಗಳು ಬೇಕಾದಷ್ಟು ಇದ್ದವು. ಹುಡುಕಿದೆ. ಒಂದು ಗಂಟೆ ಹುಡುಕಿದೆ. ಮೊಣಕಾಲ ಮೇಲೆ ನಡೆದು ಹುಲ್ಲು ಬಗೆದು ನೋಡಿದೆ. ಒಂದೂ ಇರಲಿಲ್ಲ. ಸಣ್ಣ ಸಣ್ಣ ಗುಂಡಿಗಳಿದ್ದವು, ಅವುಗಳಲ್ಲಿ ಮಳೆನೀರು ತುಂಬಿತ್ತು.

ಆಜಿ ಬದುವಿನಿಂದ ಎದ್ದು ಬಂದಳು.

“ಏನ ಹುಡಕಾಕತ್ತೀರಿ ಬಾಯಿ?”

“ಕಂದೀಲ ಹೂ, ಆಜಿ.”

“ನೀವ ಒಯ್ದಿರಲ್ಲ,” ಎಂದಳು. ಚುಚ್ಚಿ ಆಡಿದ್ದಲ್ಲ, ನಾನು ಮರೆತೆನೇನೋ ಎಂದು ನೆನಪಿಸಿದಳು. ಆಮೇಲೆ ನನ್ನ ಮುಖ ನೋಡಿ ಅವಳಿಗೇ ಕೆಡುಕೆನಿಸಿರಬೇಕು. “ಆ ಗಡ್ಡಿ ನಾವೂ ತಿಂತೇವ್ರಿ. ಖರೇ ಅಂದ್ರ ಹೂ ಇದ್ದಾಗ ಮುಟ್ಟಂಗಿಲ್ಲ. ಕಾಯಿ ಒಡದು ಹತ್ತಿ ಹಾರಬೇಕು. ಆಮ್ಯಾಗ ಒಂದ ಕಿತ್ತ್ರ ಬಾಜೂದ್ದ ಬಿಡತೇವಿ.”

“ಅವತ್ತ ಯಾಕ ಹೇಳಲಿಲ್ಲ ಆಜಿ?”

“ತುಮ್ಹಿ ಶಿಕಲೇಲಿ ಮಾಣಸಂ. ಕಲಿತ ಮಂದಿಗೆ ನಾ ಏನ ಹೇಳ್ಲಿ?”

ಹನ್ನೊಂದು ಮಕ್ಕಳು ನನ್ನ ಹಿಂದೆ ನಿಂತಿದ್ದರು. ಇಳಿಜಾರಿನ ಅಷ್ಟೂ ಗಿಡಗಳನ್ನು ನಾನೇ ನಿಂತು ಕೀಳಿಸಿದ್ದೆ, ಅದೂ ಪರಿಸರದ ಪಾಠ ಹೇಳಿದ ಮರುಗಳಿಗೆಯಲ್ಲಿ. ನಾಲ್ಕನ್ನು ಕೈಯಾರೆ ಕುದಿಸಿದ್ದೆ. ವಾಪಸು ಬರುವಾಗ ಗಾಡಿಯಲ್ಲಿ ಬಸವರಾಜ ಸಹ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಅದಾದ ಕೆಲವೇ ದಿನಗಳಿಗೆ ಕ್ಷಮಾವಾಣಿ ಬಂತು. ಭಾದ್ರಪದದ ಹತ್ತು ದಿನದ ವ್ರತ ಮುಗಿದ ಮೇಲೆ ನಮ್ಮವರು ಮನೆಮನೆಗೆ ಹೋಗಿ, ವರ್ಷದಲ್ಲಿ ತಮ್ಮಿಂದ ಯಾರಿಗಾದರೂ ನೋವಾಗಿದ್ದರೆ ಕೈ ಮುಗಿದು ಕ್ಷಮೆ ಕೇಳುವ ದಿನ. ಅವ್ವ ಬೆಳಿಗ್ಗೆ ಕೋಟೆಯೊಳಗಿನ ಬಸದಿಗೆ ಹೋಗಿ ಬಂದಳು. ಗಲ್ಲಿಯ ಮನೆಗಳಿಗೆಲ್ಲ ಹೋದಳು, ತನಗಿಂತ ಕಿರಿಯರಿಗೂ ಕೈ ಮುಗಿದಳು, ನೀರಿನ ಸರದಿಗಾಗಿ ದಿನಾ ಜಗಳವಾಡುವ ಎದುರುಮನೆಯವಳಿಗೂ ಮುಗಿದಳು. ಕೊನೆಗೆ ಒಳಗೆ ಬಂದು ನನ್ನ ಮುಂದೆ ನಿಂತಳು.

“ವರ್ಷದಾಗ ನನ್ನಿಂದ ನಿನಗ ಏನರ ನೋವ ಆಗಿದ್ರ ಕ್ಷಮಾ ಮಾಡವಾ.”

ಪ್ರತಿ ವರ್ಷ ನಾನು, ನಿಂದೇನ ತಪ್ಪ ಐತಿ ಬಿಡವ್ವಾ, ಎರಡ ತುತ್ತ ಹೆಚ್ಚಿಗಿ ತಿನಸೀದಿ ಅಷ್ಟ ಎಂದು ತಮಾಷೆ ಮಾಡುತ್ತಿದ್ದೆ. ಆ ವರ್ಷ ಅವಳ ಮುಗಿದ ಕೈಗಳನ್ನು ಹಿಡಿದು ಅತ್ತುಬಿಟ್ಟೆ. ಗುಡ್ಡದ ಕಥೆ ಹೇಳಿದೆ. ನೋಡಿದ್ಯಾ, ನಾ ಅವತ್ತ ಹೇಳಿದ್ದೆ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. “ಕಾಲೇಜಿಗೆ ಹೊತ್ತಾತು, ಮುಖಾ ತೊಳಕೋ,” ಎಂದಳು.

ಆ ದಿನ ಕೊನೆಯ ಪಿರಿಯಡ್ಡಿನಲ್ಲಿ ನೋಟ್ಸು ತೆರೆಯಲಿಲ್ಲ.

“ನಾ ನಿಮಗ ತಪ್ಪ ಕಲಿಸೀನಿ,” ಎಂದೆ. “ಗಿಡಾ ಉಳಸೂ ಪಾಠಾ ಹೇಳಿ ಗಿಡಾ ಕೀಳಸೀನಿ. ಅದಕ್ಕ ನಿಮ್ಮ ಮುಂದ ಕ್ಷಮಾ ಕೇಳತೀನಿ. ಇನ್ನ ಮ್ಯಾಲ ಈ ಕ್ಲಾಸಿನ್ಯಾಗ ಯಾರೂ ಬೇರು ಕೀಳಂಗಿಲ್ಲ.”

ಮೇಡಂ ಒಬ್ಬರು ವಿದ್ಯಾರ್ಥಿಗಳ ಮುಂದೆ ಕೈ ಮುಗಿಯುವುದನ್ನು ಅವರು ನೋಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಕೆಲವರು ಎದ್ದು ನಿಂತರು. ಎದ್ದವರೆಲ್ಲ ಕೂತ ಮೇಲೂ ಸುಲಭಾ ನಿಂತೇ ಇದ್ದಳು.

“ಮೇಡಂ, ನಾ ಸುಳ್ಳ ಹೇಳೀನ್ರಿ. ಗಡ್ಡಿ ಬಿಸಿನೀರಾಗ ಹಾಕಿಲ್ರಿ.”

“ಯಾಕ?”

“ನೀರ ಕಾಸಿದ್ನಿರಿ. ಕೈ ಬರಲಿಲ್ಲ. ಆಜಿ ಬಾಜೂಕ ಕುಂತಿದ್ಲು.” ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಮುಂದುವರಿಸಿದಳು. “ಅವು ಇನ್ನೂ ಹಂಗ ಅದಾವ್ರಿ. ಒಂದಕ್ಕ ಕುಡೀನೂ ಬಂದೈತ್ರಿ.”

 ಬೂಸ್ಟು ಹಿಡಿದಿದೆಯೆಂದು ನಾನು ಮರ್ಯಾದೆ ತೆಗೆದ ಆ ಹಾಳೆಯಲ್ಲಿ ಗಡ್ಡೆ ಬದುಕಿ ಕೂತಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬಸವರಾಜ ಎದ್ದ. “ನಂದೂ ಹಾಕಿಲ್ರಿ ಮೇಡಂ. ಮರತಿದ್ದೆ.” ಇನ್ನಿಬ್ಬರು ಎದ್ದರು. ಸುಲಭಾಳದು ಕರುಣೆ, ಉಳಿದ ಮೂವರದು ಶುದ್ಧ ಸೋಮಾರಿತನ. ಎರಡಕ್ಕೂ ನಾನು ಇಂದಿಗೂ ಋಣಿ. ಎಲ್ಲರ ಮನೆಯಿಂದ ಒಟ್ಟು ಎಂಟು ಗಡ್ಡೆ ಜೀವಂತ ಬಂದವು. ಅದೇ ಶನಿವಾರ ಗುಡ್ಡಕ್ಕೆ ಹೋಗಿ ಅವನ್ನು ಅಲ್ಲೇ ಊರಿದೆವು. ಎಷ್ಟು ಆಳ, ಯಾವ ಕಡೆ ಮುಖ ಎಂದು ಆಜಿ ಹೇಳಿದಳು. ಕಲಿತ ಮಂದಿ ಕೇಳಿದೆವು.

ವಿಷಯ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಫೈಲು ಒಪ್ಪಿಸುವುದಿತ್ತಲ್ಲ. ಅಕ್ಟೋಬರಿನಿಂದ ನಾವು ಹೊಸ ರೀತಿ ಹಿಡಿದೆವು. ಗಿಡ ಇದ್ದಲ್ಲೇ ಕೂತು ಪೆನ್ಸಿಲಿನಲ್ಲಿ ಚಿತ್ರ ಬರೆಯುವುದು, ಅದರ ಅಕ್ಕಪಕ್ಕ ಏನಿದೆ, ಯಾವ ಹುಳ ಬಂತು, ತಿಂಗಳು ಬಿಟ್ಟು ಬಂದಾಗ ಏನಾಯಿತು ಎಂದು ಟಿಪ್ಪಣಿ ಮಾಡುವುದು. ಇದಕ್ಕೆ ಒಪ್ಪಿಗೆ ಕೇಳಿ ಮೇಲಿನವರಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಕುಲಕರ್ಣಿ ಸರ್ ನನ್ನನ್ನು ಕರೆದು ಕೂರಿಸಿದರು.

“ಬಾಯಾರ, ನಿಮ್ಮ ಮನಸ್ಸ ನನಗ ತಿಳೀತೈತಿ. ಆದ್ರ ಹೊರಗಿಂದ ಬರೂ ಪರೀಕ್ಷಕರ ಫೈಲ್ ತಗದ ಗಿಡಾ ಎಣಸ್ತಾರ. ಹುಡುಗೂರ ಮಾರ್ಕ್ಸ್ ಹೋಗ್ತಾವ. ನಿಮ್ಮ ನೌಕರಿಗೇನೂ ಆಗಂಗಿಲ್ಲ, ನೋಡ್ರಿ.”

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ತಪ್ಪು ನನ್ನದು, ದಂಡ ಮಕ್ಕಳದು. ಡಿಸೆಂಬರಿನಲ್ಲಿ ಎಲ್ಲರಿಗೂ ಹೇಳಿದೆ: ಯಾರಿಗೆ ಅಂಕದ ಭಯವಿದೆಯೋ ಅವರು ಹಳೆಯ ರೀತಿ ಮಾಡಬಹುದು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಸುಲಭಾಳನ್ನು ಬೇರೆ ಕರೆದು ಹೇಳಿದೆ. ನಿನಗೆ ಫಸ್ಟ್ ಕ್ಲಾಸ್ ಮುಖ್ಯ, ಸಾದಾ ಕಳೆ ಗಿಡ ಬೇಕಾದಷ್ಟಿವೆ, ಕಿತ್ತು ಅಂಟಿಸು, ಯಾವ ಪಾಪವೂ ಇಲ್ಲ ಎಂದೆ.

“ನೋಡ್ತೀನ್ರಿ,” ಎಂದಳು. ಅವಳ ನೋಡ್ತೀನಿ ಅಂದರೆ ಇಲ್ಲ ಎಂದರ್ಥ.

ಮಾರ್ಚಿನಲ್ಲಿ ಪರೀಕ್ಷಕರು ಬಂದರು. ವಯಸ್ಸಾದವರು, ಮೃದು ಮಾತಿನವರು. ಬಸವರಾಜನ ಫೈಲು ತೆರೆದರೆ ಗಿಡಗಳು ಭರ್ತಿ, ಬೇರು ಸಮೇತ. ಎರಡು ವರ್ಷದ ಹಿಂದೆ ಪಾಸಾದ ಅವನ ಕಾಕಾನ ಮಗನ ಫೈಲು ಅದು. ಚೀಟಿ ಮಾತ್ರ ಬದಲಾಗಿತ್ತು. ಅವುಗಳಲ್ಲಿ ಒಂದನ್ನು ನಾನೇ ಹಿಂದೆ ತಪಾಸಣೆ ಮಾಡಿ ಸಹಿ ಹಾಕಿದ್ದೆ. ಪರೀಕ್ಷಕರು ಶಭಾಸ್ ಎಂದರು. ನಾನು ಕಿಟಕಿಯ ಕಡೆ ತಿರುಗಿದೆ. ಇನ್ನೂ ಐದಾರು ಮಂದಿ ಹೀಗೇ ದಾರಿ ಕಂಡುಕೊಂಡಿದ್ದರು.

ಆಮೇಲೆ ಸುಲಭಾಳ ಫೈಲು. ಮೊದಲ ಅರ್ಧ ಒಣಗಿದ ಗಿಡ. ಉಳಿದರ್ಧ ಪೆನ್ಸಿಲ್ ಚಿತ್ರಗಳು. ಕಂದೀಲ ಹೂವಿನ ಹಾಳೆ ಮಾತ್ರ ಪೂರ್ತಿ ಖಾಲಿ, ಮೂಲೆಯ ಚೀಟಿ ಮಾತ್ರ ಇತ್ತು. ಹೆಸರು, ಗುಡ್ಡದ ಗುರುತು, ಕಿತ್ತ ದಿನ, ಅದರ ಕೆಳಗೆ ತಿರುಗಿ ಊರಿದ ದಿನ.

“ಏನವಾ ಇದು? ಗಿಡಾ ಎಲ್ಲೈತಿ?” ಎಂದರು ಪರೀಕ್ಷಕರು.

“ಅಲ್ಲೇ ಐತ್ರಿ ಸರ್. ಗುಡ್ಡದ ಮ್ಯಾಲ.”

“ಅಲ್ಲಿದ್ರ ನನಗ ಹೆಂಗ ಕಾಣಬೇಕು?”

“ಈಗ ನನಗೂ ಕಾಣಂಗಿಲ್ರಿ. ನೆಲದಾಗ ಐತಿ. ಮಳಿ ಆಗಬೇಕು.”

ಅವರು ಚಿತ್ರಗಳನ್ನು ಮತ್ತೊಮ್ಮೆ ತಿರುವಿದರು. ಊಟದ ಹೊತ್ತಿನಲ್ಲಿ ನಾನು ಅವರಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆ, ಆ ಹುಡುಗಿಯ ಪರವಾಗಿ ಬೇಡಿಕೊಂಡೆ. ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು.

“ನೀವು ಹೇಳೂದು ಖರೇ ಐತ್ರಿ ಬಾಯಾರ. ಚಿತ್ರಾ ಭಾಳ ಚಂದ ತಗದಾಳ. ಆದ್ರ ನನ್ನ ಕಡೆ ಇರೂ ಕಾಗದದಾಗ ಚಿತ್ರಕ್ಕ ಮಾರ್ಕ್ಸ್ ಇಲ್ಲ. ಖಾಲಿ ಹಾಳಿಗೆ ನಾ ಏನಂತ ಬರೀಲಿ?”

ಫಲಿತಾಂಶ ಬಂದಾಗ ಸುಲಭಾಗೆ ಫಸ್ಟ್ ಕ್ಲಾಸ್ ಸ್ವಲ್ಪದರಲ್ಲೇ ತಪ್ಪಿತ್ತು. ಆ ಫೈಲಿನ ಅಂಕಗಳು ಬಂದಿದ್ದರೆ ಸಿಗುತ್ತಿತ್ತು. ನಾನು ಎರಡು ಸಲ ಕೂಡಿಸಿ ನೋಡಿದೆ. ಅಂಕಪಟ್ಟಿ ಒಯ್ಯಲು ಅವಳು ಬಂದ ದಿನ ನಾನು ಸ್ಟಾಫ್ ರೂಮಿನ ಬಾಗಿಲು ಎಳೆದುಕೊಂಡು ಒಳಗೇ ಕೂತೆ. ಹೊರಗೆ ಅವಳ ಚಪ್ಪಲಿಯ ಸದ್ದು ಬಂದು ಬಾಗಿಲ ಹತ್ತಿರ ನಿಂತು, ಹೋಯಿತು. ಧಾ​ರವಾಡದ ಮಾತು ಅಲ್ಲಿಗೆ ಮುಗಿಯಿತು. ಅವಳು ತನ್ನ ಊರ ಹತ್ತಿರದ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದಳೆಂದು ಬಸವರಾಜ ಹೇಳಿದ. ಮಳೆ ಶುರುವಾಯಿತು, ಹೊಸ ತಂಡ ಬಂತು, ಅದೇ ಪೇಪರ್ ನನ್ನ ಕೊರಳಿಗೆ ಬಿತ್ತು. ಶನಿವಾರ ಬಂದರೆ ಏನಾದರೂ ನೆಪ ತೆಗೆದು ಖಾನಾಪುರದ ಗಾಡಿ ತಪ್ಪಿಸುತ್ತಿದ್ದೆ.

ಆಗಸ್ಟಿನಲ್ಲಿ ಒಂದು ದಿನ ಅವ್ವ ಅಕ್ಕಿ ಆರಿಸುತ್ತ ಕೇಳಿದಳು. “ಆ ಗಡ್ಡಿ ಏನಾದುವ?”

“ಗೊತ್ತಿಲ್ಲವ್ವಾ.”

“ಹೋಗಿ ನೋಡಬಾರದ?”

ಒಬ್ಬಳೇ ಹೋದೆ. ಬದುವಿನ ಹತ್ತಿರ ಆಜಿ ಸಿಕ್ಕಳು, ನನ್ನನ್ನು ನೋಡಿ ಗುಡ್ಡದ ಕಡೆ ಕೈ ತೋರಿಸಿದಳು. ತುಂತುರು ಮಳೆ. ಇಳಿಜಾರಿನ ಮೇಲೆ ಕಂಬಳಿಯ ಕೊಪ್ಪೆ ಹೊದ್ದುಕೊಂಡು ಸುಲಭಾ ಕೂತಿದ್ದಳು, ತೊಡೆಯ ಮೇಲೆ ಹಲಗೆ, ಕೈಯಲ್ಲಿ ಪೆನ್ಸಿಲು. ಅವಳನ್ನು ನೋಡಿದ್ದೇ ತಡ, ಗಾಡಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಸುತ್ತ ಏನಿದೆಯೆಂದು ನೋಡದೆ ನೇರ ಅವಳ ಮುಂದೆ ಹೋಗಿ ನಿಂತೆ.

“ಸುಲಭಾ, ನಿನ್ನ ಫಸ್ಟ್ ಕ್ಲಾಸ್ ನಾನ ಕಳದೆ. ನಿನ್ನ ಮುಖಾ ನೋಡಾಕ ಹೆದರಿ ಅವತ್ತ ಬಾಗಲಾ ಹಾಕ್ಕೊಂಡ ಕುಂತಿದ್ದೆ. ನೀ ಈಗ ಧಾರವಾಡದಾಗ ಇರಬೇಕಾಗಿತ್ತು. ನನಗ ಏನ ಬೇಕಾದ್ದ ಅನ್ನು.”

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕಾಲ ಕಡೆ ನೋಡುತ್ತಿದ್ದಳು. ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

“ಮೇಡಂ, ಎಂಟರಾಗ ಏಳ ಬಂದಾವ್ರಿ,” ಎಂದಳು. “ಮೊದಲ ಆ ಎಡಗಾಲ ಎತ್ರಿ. ಏಳನೇದ್ರ ಮ್ಯಾಲ ನಿಂತೀರಿ.”

ಎಡಗಾಲು ಎತ್ತಿದೆ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಮಳೆಯಲ್ಲಿ ಒಂಟಿಗಾಲಿನ ಮೇಲೆ ಓಲಾಡುತ್ತ ನಿಂತಿದ್ದೆ. ಸುಲಭಾ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.